ಗಡಿಯೂರಿನ ತುರ್ತು ಕರೆ: ನಾವಿರುವ ಜಾಗವನ್ನು ಫೋನ್ ತಾನಾಗಿಯೇ ಹೇಳುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ, ಪೆರ್ಲದಿಂದ ಒಳಗೆ, ಕರ್ನಾಟಕದ ಗಡಿಗೆ ತೀರ ಸಮೀಪದಲ್ಲಿದೆ. ಕಳೆದ ಮಳೆಗಾಲದಲ್ಲಿ ತಂದೆಯವರು ತೋಟದ ಸಂಕದಿಂದ (ಕಾಲುಸೇತುವೆಯಿಂದ) ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತೋಟದಿಂದಲೇ ಮೊಬೈಲಿನಲ್ಲಿ ಆಂಬುಲೆನ್ಸಿಗೆ ಕರೆ ಮಾಡಿದೆ. ಕನ್ನಡದಲ್ಲೇ ಮಾತನಾಡಿದರು, ಆದರೆ 'ಯಾವ ಹೋಬಳಿ' ಎಂದು ಕೇಳಿದರು. ನಮ್ಮದು ಕೇರಳ ಎಂದು ವಿವರಿಸುವಷ್ಟರಲ್ಲಿ ಕರೆ ಕಡಿದುಹೋಯಿತು. ಕೊನೆಗೆ ನೆರೆಮನೆಯವರ ಜೀಪಿನಲ್ಲಿ ಮಂಗಳೂರಿಗೆ ಕರೆದೊಯ್ದೆವು. ತುರ್ತು ಕರೆ ಮಾಡಿದಾಗ ನಾವಿರುವ ಜಾಗ ಅವರಿಗೆ ತಾನಾಗಿಯೇ ಕಾಣುವುದಿಲ್ಲವೇ? ಇಂಥ ಊರಿನಲ್ಲಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಇಂಟರ್ನೆಟ್ ಸರಿಯಾಗಿ ಸಿಗದಿದ್ದರೆ ಲೊಕೇಶನ್ ಕಳುಹಿಸುವುದು ಹೇಗೆ? ನಾನು ಹೆಚ್ಚಾಗಿ ಬೆಂಗಳೂರಿನಲ್ಲಿರುತ್ತೇನೆ, ತಾಯಿಯ ಬಳಿ ಇರುವುದು ಕೀಪ್ಯಾಡ್ ಫೋನ್.

ಉತ್ತರ: ನಿಮ್ಮ ಪತ್ರವನ್ನು ಓದುವಾಗ 'ಯಾವ ಹೋಬಳಿ' ಎಂಬ ಮಾತಿನ ಬಳಿ ನಾನು ನಿಂತುಬಿಟ್ಟೆ. ಕೇರಳದ ಕಂದಾಯ ವ್ಯವಸ್ಥೆಯಲ್ಲಿ ಹೋಬಳಿ ಎಂಬ ಹಂತವಿಲ್ಲ, ತಾಲೂಕಿನ ಕೆಳಗೆ ನೇರವಾಗಿ ವಿಲ್ಲೇಜು ಬರುತ್ತದೆ. ಎಣ್ಮಕಜೆಯ ನೆಲದಲ್ಲಿ ನಿಂತು ನೀವು ಮಾಡಿದ ಕರೆ ಗಡಿ ದಾಟಿ ಕರ್ನಾಟಕದ ಕೇಂದ್ರಕ್ಕೆ ಹೋಗಿತ್ತು ಎಂಬುದಕ್ಕೆ ಆ ಒಂದು ಪದವೇ ಸಾಕ್ಷಿ. ಇದರಲ್ಲಿ ಕರೆ ಸ್ವೀಕರಿಸಿದವರ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ಲ. ತಪ್ಪು ಎನ್ನುವುದಾದರೆ, ರಾಜ್ಯದ ಗಡಿ ಎಲ್ಲಿದೆ ಎಂಬುದನ್ನು ರೇಡಿಯೋ ತರಂಗ ಅರಿಯದು ಎಂಬುದಷ್ಟೆ. ದೂರಸಂಪರ್ಕ ಕ್ಷೇತ್ರದಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ತಲಪಾಡಿಯಿಂದ ಸುಳ್ಯದ ಅಂಚಿನವರೆಗಿನ ಅನೇಕ ಮನೆಗಳವರು ಬೇರೆ ಬೇರೆ ಮಾತಿನಲ್ಲಿ ಕೇಳಿರುವುದು ಇದೇ ಪ್ರಶ್ನೆಯನ್ನು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

112, 108, 101ರಂಥ ಕಿರುಸಂಖ್ಯೆಗಳಿಗೆ ಸ್ವಂತ ವಿಳಾಸ ಎಂಬುದಿಲ್ಲ. ಹತ್ತು ಅಂಕಿಯ ಸಂಖ್ಯೆಯನ್ನು ಒತ್ತಿದರೆ ಅದು ದೇಶದ ಯಾವ ಮೂಲೆಯಿಂದ ಒತ್ತಿದರೂ ಒಬ್ಬರನ್ನೇ ತಲುಪುತ್ತದೆ. ಕಿರುಸಂಖ್ಯೆಯನ್ನು ಒತ್ತಿದಾಗ ಮಾತ್ರ, ನಿಮ್ಮ ಫೋನ್ ಆ ಕ್ಷಣದಲ್ಲಿ ಯಾವ ಟವರನ್ನು ಹಿಡಿದುಕೊಂಡಿದೆಯೋ ಆ ಟವರಿಗೆ ಗೊತ್ತುಮಾಡಿರುವ ಕೇಂದ್ರಕ್ಕೆ ಕರೆ ಹೋಗುತ್ತದೆ. ನಮ್ಮ ದೇಶದ ಮೊಬೈಲ್ ಜಾಲ ಟೆಲಿಕಾಂ ವೃತ್ತಗಳಾಗಿ ಹಂಚಿಹೋಗಿದೆ. ಕೇರಳ ಒಂದು ವೃತ್ತ, ಕರ್ನಾಟಕ ಇನ್ನೊಂದು. ಒಂದೇ ಕಂಪನಿಯಾದರೂ ವೃತ್ತಕ್ಕೊಂದು ಜಾಲಸಂಕೇತ ಇರುತ್ತದೆ. ಬಿಎಸ್ಎನ್ಎಲ್‌ನ ಕೇರಳದ ಜಾಲ 404-72 ಎಂದೂ ಕರ್ನಾಟಕದ ಜಾಲ 404-71 ಎಂದೂ ಫೋನಿಗೆ ಗುರುತು ಹೇಳುತ್ತದೆ. ಫೋನ್ ಸಾಮಾನ್ಯವಾಗಿ ತನ್ನ ಸಿಮ್ ಯಾವ ವೃತ್ತದ್ದೋ ಆ ವೃತ್ತದ ಟವರನ್ನೇ ಮೊದಲು ಹುಡುಕುತ್ತದೆ ಮತ್ತು ಸಿಗ್ನಲ್ ತೀರ ಸೊರಗುವವರೆಗೂ ಅದನ್ನು ಬಿಡುವುದಿಲ್ಲ. ವಿಟ್ಲದಲ್ಲೋ ಮಂಗಳೂರಿನಲ್ಲೋ ಕೊಂಡ ಸಿಮ್ ಇದ್ದರೆ, ಪೆರ್ಲದ ಟವರ್ ಪಕ್ಕದಲ್ಲೇ ಇದ್ದರೂ ಅಡ್ಯನಡ್ಕದ ಕಡೆಯ ಟವರಿನ ಕ್ಷೀಣ ಸಿಗ್ನಲ್ಲಿಗೆ ಅದು ಜೋತುಬಿದ್ದಿರಬಹುದು. ಸಿಮ್ ಕೇರಳದ್ದೇ ಆಗಿದ್ದರೂ, ತೋಟದ ತಗ್ಗಿಗೆ ಇಳಿದಾಗ ನಡುವೆ ಗುಡ್ಡೆ ಅಡ್ಡ ಬಂದರೆ, ಎದುರು ಗುಡ್ಡೆಯ ಆಚೆಗಿನ ಕರ್ನಾಟಕದ ಟವರೇ ಸಿಗುವ ಏಕಮಾತ್ರ ಟವರಾಗಬಹುದು.

ಇದನ್ನು ನೀವೇ ಪರೀಕ್ಷಿಸಿ ನೋಡಬಹುದು. ಊರಿಗೆ ಹೋದಾಗ ಒಂದು ದಿನ ಫೋನ್ ಕೈಯಲ್ಲಿ ಹಿಡಿದು ಮನೆಯ ಚಾವಡಿ, ಅಂಗಳ, ಹಟ್ಟಿ, ಕೆರೆಯ ಬದಿ, ತೋಟದ ಕೊನೆ ಹೀಗೆ ತಂದೆಯವರು ದಿನವೂ ಓಡಾಡುವ ಜಾಗಗಳಲ್ಲೆಲ್ಲ ಎರಡೆರಡು ನಿಮಿಷ ನಿಂತು, ಪರದೆಯ ಮೇಲಂಚಿನಲ್ಲಿ ಸಿಗ್ನಲ್ ಗೆರೆಗಳ ಪಕ್ಕದಲ್ಲಿ ರೋಮಿಂಗ್ ಸೂಚಿಸುವ 'ಆರ್' ಅಕ್ಷರ ಮೂಡುತ್ತದೆಯೇ ಎಂದು ಗಮನಿಸಿ. ಕೇರಳದ ಸಿಮ್ಮಿಗೆ 'ಆರ್' ಬಂದರೆ ಅಲ್ಲಿಂದ ಮಾಡುವ ತುರ್ತು ಕರೆ ಬೆಂಗಳೂರಿನ ದಿಕ್ಕಿಗೆ ಹೋದೀತು ಎಂದು ತಿಳಿಯಿರಿ. ಕರ್ನಾಟಕದ ಸಿಮ್ಮಿಗೆ 'ಆರ್' ಬಾರದಿದ್ದರೂ ಅರ್ಥ ಅದೇ. ಈಗ ದೇಶದೊಳಗಿನ ರೋಮಿಂಗಿಗೆ ಪ್ರತ್ಯೇಕ ದರವಿಲ್ಲವಾದ್ದರಿಂದ ಈ ಅಕ್ಷರವನ್ನು ನೋಡುವ ಅಭ್ಯಾಸವೇ ನಮಗೆ ತಪ್ಪಿಹೋಗಿದೆ. ಕೆಲವು ಫೋನುಗಳು ಅದನ್ನು ತೋರಿಸುವುದನ್ನೂ ಬಿಟ್ಟಿವೆ. ಕಾಣದಿದ್ದರೆ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಹುಡುಕಬಹುದು. ಗಡಿಯ ಮನೆಗಳಲ್ಲಿ ಕನಿಷ್ಠ ಒಂದು ಫೋನಿನಲ್ಲಾದರೂ ಕೇರಳ ವೃತ್ತದ, ಮನೆಯ ಬಳಿ ಗಟ್ಟಿ ಸಿಗ್ನಲ್ ಇರುವ ಕಂಪನಿಯ ಸಿಮ್ ಇರಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಕರೆ ಮಾಡಿದ ಕೂಡಲೇ ನಾವಿರುವ ಜಾಗ ಅವರ ಪರದೆಯಲ್ಲಿ ಚುಕ್ಕಿಯಾಗಿ ಮೂಡುತ್ತದೆ ಎಂಬ ನಂಬಿಕೆ ಬಹಳ ಮಂದಿಯಲ್ಲಿದೆ. ಕರೆಯೊಂದಿಗೆ ಜಾಲಕ್ಕೆ ಖಂಡಿತವಾಗಿ ಗೊತ್ತಾಗುವುದು ಟವರ್ ಯಾವುದು, ಅದರ ಯಾವ ಮುಖದ ಆಂಟೆನಾ ಎಂಬುದು. ಒಂದು ಟವರಿನ ಸುತ್ತಲಿನ ನೆಲವನ್ನು ಸಾಮಾನ್ಯವಾಗಿ ಮೂರು ಮುಖಗಳಾಗಿ, ಒಂದೊಂದಕ್ಕೆ 120 ಡಿಗ್ರಿಯಂತೆ ಹಂಚಿರುತ್ತಾರೆ. ಫೋನಿಗೂ ಟವರಿಗೂ ಇರುವ ದೂರವನ್ನು ಸಂಕೇತ ಹೋಗಿಬರುವ ಸಮಯದಿಂದ ಅಂದಾಜು ಮಾಡಬಹುದು; ಅದರ ಅಳತೆಯ ಮೆಟ್ಟಿಲು 2ಜಿಯಲ್ಲಿ ಸುಮಾರು 550 ಮೀಟರ್, 4ಜಿಯಲ್ಲಿ ಸುಮಾರು 78 ಮೀಟರ್. ಮಂಗಳೂರಿನಂಥ ನಗರದಲ್ಲಿ ಟವರುಗಳು ಒತ್ತೊತ್ತಾಗಿ ಇರುವುದರಿಂದ ಇಷ್ಟೇ ಮಾಹಿತಿಯಿಂದಲೂ ಬೀದಿಯನ್ನು ಊಹಿಸಬಹುದು. ನಿಮ್ಮ ಊರಿನಲ್ಲಿ ಒಂದು ಟವರಿನ ಒಂದು ಮುಖದೊಳಗೆ ಎರಡು ಗುಡ್ಡೆ, ಮೂರು ಬೈಲು, ನಡುವೆ ದಾಟಲಾಗದ ಒಂದು ತೋಡು, ಐವತ್ತು ಮನೆ ಇರಬಹುದು. ಇಷ್ಟರ ಮೇಲೆ ಆಂಬುಲೆನ್ಸ್ ಹೊರಡುವಂತಿಲ್ಲ. ಕರೆ ಪಕ್ಕದ ರಾಜ್ಯದ ಟವರಿನ ಮೂಲಕ ಹೋದರಂತೂ ಆ ಅಂದಾಜೇ ದಾರಿ ತಪ್ಪಿಸುತ್ತದೆ.

ಫೋನಿನೊಳಗಿನ ಜಿಪಿಎಸ್ ಅಳೆದ ನಿಖರ ಜಾಗವನ್ನು ತುರ್ತು ಕರೆಯ ಜೊತೆಗೇ ಕಳುಹಿಸುವ ಏರ್ಪಾಡು ಜಗತ್ತಿನಲ್ಲಿ ಇಲ್ಲದಿಲ್ಲ. ಬ್ರಿಟನ್ನಿನಲ್ಲಿ 2014ರಲ್ಲಿ ಇದರ ಪ್ರಯೋಗ ಮೊದಲಾಯಿತು. 2016ರಲ್ಲಿ ಗೂಗಲ್ ಇದನ್ನು ಆಂಡ್ರಾಯ್ಡ್ ಫೋನುಗಳೊಳಗೆ ಅಳವಡಿಸಿತು, 2018ರಲ್ಲಿ ಆ್ಯಪಲ್ ಐಫೋನಿಗೆ ಸೇರಿಸಿತು. ಆದರೆ ಫೋನ್ ಕಳುಹಿಸಲು ಸಿದ್ಧವಿದ್ದರೆ ಸಾಲದು, ಅದನ್ನು ಸ್ವೀಕರಿಸುವ ವ್ಯವಸ್ಥೆ ಆಯಾ ರಾಜ್ಯದ ಕೇಂದ್ರದಲ್ಲೂ ಇರಬೇಕು. ನಮ್ಮ ದೇಶದಲ್ಲಿ ಆಂಡ್ರಾಯ್ಡಿನ ಈ ಸೇವೆಯನ್ನು 112ರ ಜೊತೆಗೆ ಪೂರ್ಣವಾಗಿ ಜೋಡಿಸಿದ ಮೊದಲ ರಾಜ್ಯ ಉತ್ತರ ಪ್ರದೇಶ. ಅದು ಪ್ರಕಟವಾದದ್ದು 2025ರ ಡಿಸೆಂಬರಿನಲ್ಲಿ. ಗಡಿನಾಡಿನವರಾದ ನಾವು ಸದ್ಯಕ್ಕೆ ಇದನ್ನು ನೆಚ್ಚಿಕೊಳ್ಳದೆ, ಜಾಗವನ್ನು ಬಾಯಿಂದ ಹೇಳಬೇಕಾಗುತ್ತದೆ ಎಂಬ ಸಿದ್ಧತೆಯಲ್ಲೇ ಇರಬೇಕು. ಹೇಳುವ ಮೊದಲೇ ಅವರಿಗೆ ಜಾಗ ಗೊತ್ತಾದರೆ ಒಳ್ಳೆಯದೇ ಆಯಿತು. ಗೊತ್ತಾಗದಿದ್ದರೆ ನಾವು ಹೇಳುವ ಮೊದಲ ಎರಡು ವಾಕ್ಯಗಳ ಮೇಲೆ ಎಲ್ಲವೂ ನಿಂತಿರುತ್ತದೆ.

ಆ ಎರಡು ವಾಕ್ಯಗಳು ಹೇಗಿರಬೇಕು? ಗಾಬರಿಯಲ್ಲಿ ನಾವು ಮೊದಲು ಹೇಳುವುದು ಏನಾಯಿತು ಎಂಬುದನ್ನು: 'ಅಪ್ಪ ಬಿದ್ದರು, ಏಳಲಿಕ್ಕೆ ಆಗುವುದಿಲ್ಲ, ಬೇಗ ಬನ್ನಿ' ಎಂದು. ಮಾತು ಮುಗಿಯುವ ಮೊದಲು ಕರೆ ಕಡಿದರೆ ಅವರ ಕೈಯಲ್ಲಿ ದುಃಖವೊಂದು ಉಳಿಯುತ್ತದೆಯೇ ಹೊರತು ವಿಳಾಸ ಉಳಿಯುವುದಿಲ್ಲ. ಗಡಿಯವರು ಮೊದಲು ಹೇಳಬೇಕಾದದ್ದು ರಾಜ್ಯ ಮತ್ತು ಜಿಲ್ಲೆ: 'ಕೇರಳ, ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತು, ಪೆರ್ಲದ ಹತ್ತಿರ.' ಇಷ್ಟು ಕಿವಿಗೆ ಬಿದ್ದೊಡನೆ, ಕರೆ ಬೇರೆ ರಾಜ್ಯದ ಕೇಂದ್ರಕ್ಕೆ ಬಂದಿದೆ ಎಂಬುದು ಆ ಕಡೆಯವರಿಗೆ ಹೊಳೆಯುತ್ತದೆ. ಹೋಬಳಿ, ತಾಲೂಕು ಎಂದು ಹುಡುಕುತ್ತಾ ಅರ್ಧ ನಿಮಿಷ ಕಳೆಯುವುದು ತಪ್ಪುತ್ತದೆ. ಬಳಿಕ ನಿಮ್ಮ ಮೊಬೈಲ್ ಸಂಖ್ಯೆ, ಆಮೇಲೆ ಆದದ್ದೇನು, ಎಷ್ಟು ಮಂದಿಗೆ ಎಂಬುದು. ಕರೆಯನ್ನು ನೀವಾಗಿ ಕಡಿಯಬೇಡಿ, ಅವರು ಇಡಿ ಎಂದ ಮೇಲೆ ಇಡಿ.

ಊರ ಹೆಸರುಗಳ ವಿಷಯದಲ್ಲಿ ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಕರೆ ಸರಿಯಾಗಿ ಕೇರಳದ ಕೇಂದ್ರಕ್ಕೆ ಹೋದರೂ ಅದು ಇರುವುದು ತಿರುವನಂತಪುರದಲ್ಲಿ, ಐನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಅಲ್ಲಿ ಕುಳಿತವರಿಗೆ ನಮ್ಮ ಕುಂಬಳೆ 'ಕುಂಬ್ಲ', ಮಂಜೇಶ್ವರ 'ಮಂಜೇಶ್ವರಂ', ಬದಿಯಡ್ಕ 'ಬದಿಯಡುಕ್ಕ', ಪೈವಳಿಕೆ 'ಪೈವಳಿಗೆ'. ಭೂಪಟದಲ್ಲೂ ಅವರು ಹುಡುಕುವುದು ಆ ರೂಪವನ್ನೇ. ನಮ್ಮ ಊರಿನ ಹೆಸರನ್ನು ನಮ್ಮ ನಾಲಿಗೆಯಲ್ಲಿ ಹೇಳುವ ಹಕ್ಕನ್ನು ಯಾರೂ ಬಿಟ್ಟುಕೊಡಬೇಕಾಗಿಲ್ಲ. ಆದರೆ ಮನೆಯವರ ಪ್ರಾಣದ ಪ್ರಶ್ನೆ ಬಂದಾಗ ಎರಡೂ ರೂಪಗಳನ್ನು ಹೇಳಿಬಿಡುವುದು ಒಳ್ಳೆಯದು. ಭಾಷೆಯ ಮಾತೂ ಹಾಗೆಯೇ. ನಿಮಗೆ ಮಲಯಾಳ ಬರುತ್ತಿರಬಹುದು. ಘಟ್ಟದ ಮೇಲಿನಿಂದ ಬಂದ ಸೊಸೆಗೆ, ತೋಟದ ಆಚೆ ಲೋಕ ಕಾಣದ ಅಜ್ಜಿಗೆ ಬಾರದಿರಬಹುದು. 'ಆಂಬುಲನ್ಸ್ ವೇಣಂ' (ಆಂಬುಲೆನ್ಸ್ ಬೇಕು), 'ಬೋಧಮಿಲ್ಲ' (ಪ್ರಜ್ಞೆಯಿಲ್ಲ), 'ನೆಂಜುವೇದನ' (ಎದೆನೋವು), 'ಪಾಂಬು ಕಡಿಚ್ಚು' (ಹಾವು ಕಚ್ಚಿದೆ), 'ವೀಣು' (ಬಿದ್ದಿದ್ದಾರೆ) ಎಂಬ ನಾಲ್ಕೈದು ಮಾತುಗಳನ್ನು ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆದು, ಮೇಲೆ ಹೇಳಿದ ವಿಳಾಸದ ಸಾಲಿನೊಂದಿಗೆ, ಚಾವಡಿಯ ಗೋಡೆಯಲ್ಲಿ ಕ್ಯಾಲೆಂಡರಿನ ಪಕ್ಕಕ್ಕೆ ಅಂಟಿಸಿ. ಕಣ್ಣಿಗೆ ಕತ್ತಲು ಕವಿದ ಹೊತ್ತಿನಲ್ಲಿ ಮನುಷ್ಯನಿಗೆ ತನ್ನ ಪಂಚಾಯತಿನ ಹೆಸರೂ ನೆನಪಾಗದೆ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೋಡೆಯ ಮೇಲಿನ ಅಕ್ಷರವಾದರೆ ಓದಲು ಬರುತ್ತದೆ.

ಯಾವ ಸಂಖ್ಯೆ ಎಂದರೆ, ಎರಡನ್ನು ನೆನಪಿಡಿ: 112 ಮತ್ತು 108. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ಸಂಖ್ಯೆ ಎಂಬ ಉದ್ದೇಶದ 112 ಕೇರಳದಲ್ಲಿ ಬಳಕೆಗೆ ಬಂದದ್ದು 2019ರಲ್ಲಿ. ಕೇರಳ ಮತ್ತು ಕರ್ನಾಟಕ ಎರಡರಲ್ಲೂ 108 ಆಂಬುಲೆನ್ಸಿನ ಸಂಖ್ಯೆ. ಸಿಗ್ನಲ್ ಚೆನ್ನಾಗಿದ್ದು ಬೇಕಾದದ್ದು ಆಂಬುಲೆನ್ಸ್ ಮಾತ್ರವಾದರೆ 108ನ್ನೇ ಒತ್ತಿ. ಸಿಗ್ನಲ್ ಹೋಗಿ ಪರದೆಯ ಮೇಲೆ 'ತುರ್ತು ಕರೆ ಮಾತ್ರ' ಎಂಬ ಸೂಚನೆ ಬಂದಾಗ 112ನ್ನೇ ಒತ್ತಬೇಕು, ಏಕೆಂದರೆ ಆ ಸೂಚನೆಯ ಅರ್ಥ ನಿಮ್ಮ ಕಂಪನಿಯ ಟವರ್ ಸಿಗದಿದ್ದರೂ ಬೇರೊಂದು ಕಂಪನಿಯ ಟವರ್ ಫೋನಿನ ಅಳವಿನಲ್ಲಿದೆ ಎಂಬುದು. 112 ತುರ್ತು ಸಂಖ್ಯೆ ಎಂಬುದು ಫೋನಿನ ಒಳಗೇ ದಾಖಲಾಗಿರುವುದರಿಂದ ಅದನ್ನು ಒತ್ತಿದಾಗ ಫೋನ್ ಸಿಕ್ಕಿದ ಜಾಲವನ್ನು ಹಿಡಿದು ಕರೆಯನ್ನು ದಾಟಿಸಲು ಯತ್ನಿಸುತ್ತದೆ. 108ನ್ನು ಫೋನ್ ಸಾಧಾರಣ ಕರೆಯೆಂದು ತಿಳಿದು ನಿಮ್ಮದೇ ಜಾಲಕ್ಕಾಗಿ ಕಾಯುತ್ತಾ ಕೂರಬಹುದು. ಬೀಗ ಹಾಕಿದ ಪರದೆಯಿಂದಲೂ 112 ಹೋಗುತ್ತದೆ, ಅಂದರೆ ಬಿದ್ದವರ ಫೋನಿನ ಗುಪ್ತಸಂಖ್ಯೆ ಗೊತ್ತಿಲ್ಲದಿದ್ದರೂ ಅದರಿಂದಲೇ ಕರೆ ಮಾಡಬಹುದು. ಸಿಮ್ ಇಲ್ಲದ ಫೋನಿನಿಂದಲೂ ಹೋಗುತ್ತದೆ ಎಂಬ ಮಾತನ್ನು ಮಾತ್ರ ನಂಬಿ ಕೂರಬೇಡಿ, ಸಿಮ್ ಇರುವ ಫೋನನ್ನೇ ತೋಟಕ್ಕೆ ಒಯ್ಯಿ.

ಮನೆ ತಗ್ಗಿನಲ್ಲಿದ್ದು ಮೊಬೈಲ್ ಸಿಗ್ನಲ್ ಇಲ್ಲದೆ ಫೈಬರ್ ಇಂಟರ್ನೆಟ್ ಮಾತ್ರ ಇರುವವರು ನಮ್ಮ ಕಡೆ ಈಗ ಬಹಳ. ಅವರು ಫೋನಿನಲ್ಲಿ ವೈಫೈ ಕಾಲಿಂಗನ್ನು ಚಾಲೂ ಮಾಡಿಟ್ಟುಕೊಂಡರೆ ಕರೆಗಳು ಅದರ ಮೂಲಕ ಹೋಗುತ್ತವೆ. ಎರಡು ಎಚ್ಚರಿಕೆಗಳಿವೆ. ಕರೆ ವೈಫೈಯಲ್ಲಿ ಹೋದಾಗ ಟವರಿನ ಸುಳಿವೂ ಇರುವುದಿಲ್ಲವಾದ್ದರಿಂದ ವಿಳಾಸವನ್ನು ಹೇಳಲೇಬೇಕು. ಕರೆಂಟ್ ಹೋದ ಕೂಡಲೇ ರೂಟರ್ ಸಾಯುತ್ತದೆ, ಮರ ಬೀಳುವ, ಕಾಲು ಜಾರುವ ಮಳೆಯ ದಿನಗಳೇ ಕರೆಂಟ್ ಹೋಗುವ ದಿನಗಳಾದ್ದರಿಂದ ರೂಟರಿಗೆ ಒಂದು ಸಣ್ಣ ಬ್ಯಾಟರಿಯ ಬೆಂಬಲ ಬೇಕು.

ನೀವು ಬೆಂಗಳೂರಿನಲ್ಲಿರುವಾಗ ತಾಯಿ ನಿಮಗೆ ಕರೆ ಮಾಡಿ ಅತ್ತರೆ, ನೀವು ಅಲ್ಲಿಂದ 112ನ್ನು ಒತ್ತಿದರೆ ಅದು ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಗಲ್ಫಿನಲ್ಲಿರುವ ಮಕ್ಕಳ ಪಾಡೂ ಇದೇ. ದೂರದಲ್ಲಿರುವವರಿಗೆ ಕಿರುಸಂಖ್ಯೆಯ ಉಪಯೋಗವಿಲ್ಲ. ಎಸ್‌ಟಿಡಿ ಕೋಡ್ ಸಹಿತವಾದ ಪೂರ್ಣ ಸಂಖ್ಯೆಗಳು ಬೇಕು. ಮನೆ ಸೇರುವ ಪೊಲೀಸ್ ಠಾಣೆಯದು, ಹತ್ತಿರದ ಸರಕಾರಿ ಆಸ್ಪತ್ರೆಯದು, ಪೇಟೆಯ ಖಾಸಗಿ ಆಂಬುಲೆನ್ಸಿನದು, ವಾರ್ಡಿನ ಪಂಚಾಯತು ಸದಸ್ಯರದು, ಎಲ್ಲಕ್ಕಿಂತ ಮುಖ್ಯವಾಗಿ ಜೀಪಿರುವ ನೆರೆಯವರದು. ಕಾಸರಗೋಡಿನ ಎಸ್‌ಟಿಡಿ ಕೋಡ್ 04994, ಮಂಜೇಶ್ವರ-ಉಪ್ಪಳದ ಕಡೆಗೆ 04998. ಗುಡ್ಡ ಕುಸಿತ, ನೆರೆಯಂಥ ವಿಪತ್ತಿಗೆ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಹೊರಗಿನಿಂದ ಕರೆ ಮಾಡುವಾಗ ಅದರ ಮುಂದೆ ಜಿಲ್ಲೆಯ ಕೋಡ್ ಸೇರಿಸಬೇಕು. ಈ ಸಂಖ್ಯೆಗಳನ್ನು ವರ್ಷಕ್ಕೊಮ್ಮೆ, ಜೂನಿಗೆ ಮೊದಲು, ಒಂದೊಂದಾಗಿ ಕರೆ ಮಾಡಿ ಸರಿಯಿವೆಯೇ ನೋಡಿಕೊಳ್ಳಿ. 112, 108ಕ್ಕೆ ಮಾತ್ರ ಪರೀಕ್ಷೆಗೆಂದು ಕರೆ ಮಾಡಬೇಡಿ; ಅಷ್ಟು ಹೊತ್ತು ಇನ್ನೊಬ್ಬರ ದಾರಿಯನ್ನು ನಾವು ಕಟ್ಟಿದಂತೆ.

ಇನ್ನು ಲೊಕೇಶನ್ ಕಳುಹಿಸುವ ವಿಚಾರ. ಜಿಪಿಎಸ್ ಕೆಲಸ ಮಾಡಲು ಇಂಟರ್ನೆಟ್ ಬೇಕಾಗಿಲ್ಲ, ಸಿಮ್ ಕೂಡ ಬೇಕಾಗಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನ್ ಕೇಳಿಸಿಕೊಳ್ಳುತ್ತದೆ, ತಾನೇನೂ ಕಳುಹಿಸುವುದಿಲ್ಲ. ಇಂಟರ್ನೆಟ್ ಬೇಕಾಗುವುದು ಭೂಪಟದ ಚಿತ್ರಕ್ಕೆ, ಮತ್ತು ಉಪಗ್ರಹಗಳ ಪಥದ ವಿವರವನ್ನು ಬೇಗ ಪಡೆಯುವುದಕ್ಕೆ. ಇಂಟರ್ನೆಟ್ ಇಲ್ಲದಿದ್ದರೆ ಆ ವಿವರವನ್ನು ಉಪಗ್ರಹದಿಂದಲೇ, ಸೆಕೆಂಡಿಗೆ 50 ಬಿಟ್‌ಗಳ ಆಮೆ ವೇಗದಲ್ಲಿ ಇಳಿಸಿಕೊಳ್ಳಬೇಕಾಗುವುದರಿಂದ ಅರ್ಧ ನಿಮಿಷವೋ ಕೆಲವು ನಿಮಿಷಗಳೋ ಹಿಡಿಯುತ್ತವೆ. ಅಷ್ಟು ಹೊತ್ತು ಫೋನಿಗೆ ಆಕಾಶ ಕಾಣಬೇಕು.

ಪೈವಳಿಕೆಯ ಬಳಿ ಒಂದು ತೋಟದಲ್ಲಿ ಇದನ್ನು ಮನೆಯವರಿಗೆ ತೋರಿಸಿಕೊಟ್ಟದ್ದು ನೆನಪಿದೆ. ಅಡಿಕೆ ಮರಗಳ ಕೆಳಗೆ, ತೋಡಿನ ಬದಿಯಲ್ಲಿ ಭೂಪಟ ತೆರೆದಾಗ ನೀಲಿ ಚುಕ್ಕಿಯ ಸುತ್ತ ತಿಳಿನೀಲಿ ವೃತ್ತವೊಂದು ಪರದೆಯನ್ನೆಲ್ಲ ತುಂಬಿಕೊಂಡಿತ್ತು, ಚುಕ್ಕಿಯೋ ತೋಡಿನ ಆಚೆ, ಬೇರೆಯವರ ರಬ್ಬರ್ ತೋಟದಲ್ಲಿ ಕುಳಿತಿತ್ತು. ಇಪ್ಪತ್ತು ಹೆಜ್ಜೆ ಮೇಲೇರಿ ಅಡಿಕೆ ಒಣಗಿಸುವ ಅಂಗಳಕ್ಕೆ ಬಂದು ನಿಂತೆವು. ನೋಡುತ್ತಿದ್ದಂತೆ ಆ ವೃತ್ತ ಕುಗ್ಗುತ್ತಾ ಬಂದು ಚುಕ್ಕಿಯನ್ನು ಅಪ್ಪಿಕೊಂಡಿತು, ಚುಕ್ಕಿ ಮೆಲ್ಲನೆ ಸರಿದು ನಾವು ನಿಂತ ಅಂಗಳಕ್ಕೇ ಬಂತು. ಆ ತಿಳಿನೀಲಿ ವೃತ್ತವೇ ಫೋನಿನ ಪ್ರಾಮಾಣಿಕತೆ: 'ಇದರೊಳಗೆ ಎಲ್ಲೋ ಇದ್ದೀರಿ' ಎಂದು ಅದು ಹೇಳುತ್ತಿರುತ್ತದೆ. ವೃತ್ತ ದೊಡ್ಡದಿರುವಾಗ ಕಳುಹಿಸಿದ ಲೊಕೇಶನ್ ಆಂಬುಲೆನ್ಸನ್ನು ತೋಡಿನ ಆಚೆಯ ದಡಕ್ಕೆ ಒಯ್ದು ನಿಲ್ಲಿಸುತ್ತದೆ. ವಾಟ್ಸ್‌ಆ್ಯಪ್ಪಿನಲ್ಲಿಯೂ ಲೊಕೇಶನ್ ಕಳುಹಿಸುವ ಮುನ್ನ ಎಷ್ಟು ಮೀಟರಿನ ನಿಖರತೆ ಎಂದು ಕೆಳಗೆ ತೋರಿಸುತ್ತದೆ; ಅದು ಇಪ್ಪತ್ತು ಮೂವತ್ತು ಮೀಟರಿಗೆ ಇಳಿಯುವವರೆಗೆ ಕಾಯಿರಿ.

ಅಲ್ಲಿಯೇ ಎರಡು ಬಗೆಗಳಿವೆ. ಸದ್ಯದ ಲೊಕೇಶನ್ ಎಂಬುದು ಒಂದೇ ಬಿಂದು, ಕಳುಹಿಸಿದ ಮೇಲೆ ಬದಲಾಗದು. ಲೈವ್ ಲೊಕೇಶನ್ ಎಂಬುದು 15 ನಿಮಿಷ, 1 ಗಂಟೆ ಅಥವಾ 8 ಗಂಟೆಯ ಕಾಲ ನಿಮ್ಮ ಚಲನೆಯನ್ನು ತೋರಿಸುತ್ತಾ ಇರುತ್ತದೆ, ಅದಕ್ಕೆ ಎಡೆಬಿಡದೆ ಇಂಟರ್ನೆಟ್ ಬೇಕು ಮತ್ತು ಬ್ಯಾಟರಿ ಬೇಗ ಕರಗುತ್ತದೆ. ಮನೆಯಲ್ಲಿ ಬಿದ್ದವರಿಗೆ ಮೊದಲನೆಯದು ಸಾಕು. ಆಂಬುಲೆನ್ಸಿಗಾಗಿ ಕಾಯದೆ ನೀವೇ ಜೀಪಿನಲ್ಲಿ ಹೊರಟು ದಾರಿಯಲ್ಲಿ ಆಂಬುಲೆನ್ಸನ್ನು ಎದುರುಗೊಳ್ಳುವುದಾದರೆ ಲೈವ್ ಬೇಕು. ಯಾರಿಗೆ ಕಳುಹಿಸಬೇಕು ಎಂಬುದನ್ನು ಹಲವರು ತಿಳಿದಿಲ್ಲ. 112ಕ್ಕೋ 108ಕ್ಕೋ ವಾಟ್ಸ್‌ಆ್ಯಪ್ ಮಾಡುವುದಲ್ಲ. ಆಂಬುಲೆನ್ಸ್ ಗೊತ್ತಾದ ಮೇಲೆ ಅದರ ಚಾಲಕರು ಸಾಮಾನ್ಯವಾಗಿ ತಮ್ಮ ಮೊಬೈಲಿನಿಂದ ನಿಮಗೆ ಕರೆ ಮಾಡುತ್ತಾರೆ, ಆ ಸಂಖ್ಯೆಗೆ ಕಳುಹಿಸಬೇಕು. ಈ ಕಾರಣಕ್ಕೇ ತುರ್ತು ಕರೆ ಮಾಡಿದ ಮೇಲೆ ನೆಂಟರಿಷ್ಟರಿಗೆಲ್ಲ ಆ ಫೋನಿನಿಂದ ಕರೆ ಮಾಡುತ್ತಾ ಕೂರಬಾರದು. ಅಪರಿಚಿತ ಸಂಖ್ಯೆಯ ಕರೆಗಳನ್ನು ತಡೆಯುವ ಆ್ಯಪ್ ಇದ್ದರೆ ಚಾಲಕರ ಕರೆ ಗಂಟೆ ಬಾರಿಸದೇ ಹೋಗಬಹುದು. ಅದನ್ನೂ ನೋಡಿಕೊಳ್ಳಿ.

ಇಂಟರ್ನೆಟ್ ಇಲ್ಲದಾಗ ಉಪಯೋಗಕ್ಕೆ ಬರುವುದು ಅಕ್ಷಾಂಶ ರೇಖಾಂಶಗಳ ಎರಡು ಸಂಖ್ಯೆಗಳು. ಗೂಗಲ್ ಮ್ಯಾಪ್ಸಿನಲ್ಲಿ ಮನೆಯ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಅವು ಕಾಣುತ್ತವೆ. ಐಫೋನಿನ ದಿಕ್ಸೂಚಿಯಲ್ಲಿಯೂ ಕಾಣುತ್ತವೆ. ದಶಮಾಂಶದ ನಂತರ ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರ್, ಐದು ಇದ್ದರೆ ಸುಮಾರು ಒಂದು ಮೀಟರಿನ ನಿಖರತೆ, ನಾಲ್ಕು ಸಾಕು. ಇವನ್ನು ಸಾದಾ ಎಸ್ಎಂಎಸ್‌ನಲ್ಲಿ ಕಳುಹಿಸಬಹುದು. ಮಾತು ಕಡಿಯುವಷ್ಟು ದುರ್ಬಲ ಸಿಗ್ನಲ್ಲಿನಲ್ಲೂ ಎಸ್ಎಂಎಸ್ ಹೇಗೋ ತೂರಿಕೊಂಡು ಹೋಗುತ್ತದೆ. ಕರೆಯಲ್ಲೇ ಓದಿ ಹೇಳುವುದಾದರೆ ಒಂದೊಂದೇ ಅಂಕಿಯಾಗಿ ಹೇಳಿ, 'ಪಾಯಿಂಟ್' ಎಲ್ಲಿ ಎಂದು ಹೇಳಿ, ಅವರಿಂದ ಹಿಂದಿರುಗಿ ಹೇಳಿಸಿ. ಕಾಸರಗೋಡು ಜಿಲ್ಲೆಯ ಯಾವ ಜಾಗವಾದರೂ ಮೊದಲ ಸಂಖ್ಯೆ 12ರಿಂದ, ಎರಡನೆಯದು 74 ಅಥವಾ 75ರಿಂದ ಆರಂಭವಾಗುತ್ತದೆ. ಹಾಗಿಲ್ಲದಿದ್ದರೆ ನೀವು ತಿರುಗುಮುರುಗಾಗಿ ಓದಿದ್ದೀರಿ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಹೊರತಂದ ಡಿಜಿಪಿನ್ ದೇಶವನ್ನು ಸುಮಾರು 4 ಮೀಟರಿನ ಚೌಕಗಳಾಗಿ ಭಾಗಿಸಿ ಪ್ರತಿಯೊಂದಕ್ಕೂ ಹತ್ತು ಅಕ್ಷರಗಳ ಸಂಕೇತ ಕೊಡುತ್ತದೆ. ಮನೆ ಸಂಖ್ಯೆ, ಬೀದಿ ಹೆಸರು ಎರಡೂ ಇಲ್ಲದ ನಮ್ಮ ಊರುಗಳಿಗೆ ಇದು ನಿಜಕ್ಕೂ ಹೊಂದುವ ಯೋಜನೆ. ಗೋಡೆಯ ಚೀಟಿಯಲ್ಲಿ ಅದನ್ನೂ ಬರೆದಿಡಿ. ಸದ್ಯಕ್ಕೆ ಅಕ್ಷಾಂಶ ರೇಖಾಂಶದ ಬದಲಿಗೆ ಅಲ್ಲ, ಅದರ ಜೊತೆಗೆ.

ಮನೆಯ ಜಾಗ ನಿಖರವಾಗಿ ಗೊತ್ತಾದರೂ ವಾಹನ ಮನೆಗೆ ಬಂತು ಎಂದಾಗಲಿಲ್ಲ. ಭೂಪಟದ ಆ್ಯಪ್ ಮನೆಗೆ ಹತ್ತಿರವಾದ ರಸ್ತೆಯನ್ನು ಹುಡುಕುತ್ತದೆ; ಆ ರಸ್ತೆ ತೋಡಿನ ಆಚೆ ಇರಬಹುದು, ಎದುರು ಗುಡ್ಡೆಯ ನೆತ್ತಿಯಲ್ಲಿರಬಹುದು. ನೇರ ನೋಡಿದರೆ ನೂರು ಮೀಟರ್, ಸುತ್ತಿ ಬಂದರೆ ಆರು ಕಿಲೋಮೀಟರ್. ಆದ್ದರಿಂದ ಮನೆಯದಲ್ಲದೆ, ಡಾಮರು ರಸ್ತೆಯಿಂದ ನಿಮ್ಮ ಮನೆಯ ಮಣ್ಣು ದಾರಿ ಕವಲೊಡೆಯುವ ಜಾಗದ ಅಕ್ಷಾಂಶ ರೇಖಾಂಶಗಳನ್ನೂ ಅಲ್ಲಿಗೇ ಹೋಗಿ ನಿಂತು ಗುರುತು ಮಾಡಿಕೊಳ್ಳಿ. ಚಾಲಕರಿಗೆ ಮೊದಲು ಕಳುಹಿಸಬೇಕಾದದ್ದು ಆ ಕವಲನ್ನು. ಅಲ್ಲಿ ಬಸ್ ತಂಗುದಾಣವೋ ಭಜನಾ ಮಂದಿರವೋ ಮಸೀದಿಯೋ ಇದ್ದರೆ ಅದರ ಹೆಸರನ್ನೂ ಹೇಳಿ, ಒಬ್ಬರನ್ನು ಟಾರ್ಚು ಕೊಟ್ಟು ಅಲ್ಲಿಗೆ ಓಡಿಸಿ. ದೊಡ್ಡ ಆಂಬುಲೆನ್ಸ್ ಇಳಿಯಲಾಗದ ದಾರಿಯಾದರೆ ಅದನ್ನು ಮೊದಲೇ ಹೇಳಿ, ರೋಗಿಯನ್ನು ಕವಲಿನವರೆಗೆ ತರಲು ಜೀಪಿಗೆ ಹೇಳಿಕಳುಹಿಸುವುದು ಜಾಣತನ. ಸೊಂಟವೋ ಬೆನ್ನೋ ಮುರಿದಿರುವ ಸಂಶಯವಿದ್ದಾಗ ಮಾತ್ರ, ಬಿದ್ದವರನ್ನು ಕೈಕಾಲು ಹಿಡಿದು ಎತ್ತದೆ, ಸಾಧ್ಯವಾದ ಮಟ್ಟಿಗೆ ಬಂದವರು ಹೇಳುವ ತನಕ ಅಲುಗಾಡಿಸದೆ ಇರಿಸಬೇಕು.

ಸ್ಮಾರ್ಟ್‌ಫೋನಿನ ಎಸ್‌ಒಎಸ್ ಸೌಲಭ್ಯವನ್ನು ಮೊದಲೇ ಸರಿಪಡಿಸಿಡಬೇಕು. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ನನ್ನು ಸಾಮಾನ್ಯವಾಗಿ ಐದು ಬಾರಿ ಬೇಗ ಬೇಗ ಒತ್ತಿದರೆ ತುರ್ತು ಕರೆ ಆರಂಭವಾಗುತ್ತದೆ. ಕಂಪನಿಯಿಂದ ಕಂಪನಿಗೆ ಇದು ತುಸು ಬೇರೆ. ಸೆಟ್ಟಿಂಗಿನಲ್ಲಿ 'ಸುರಕ್ಷತೆ ಮತ್ತು ತುರ್ತು' ಎಂಬಲ್ಲಿ ನಿಮ್ಮವರ ಸಂಖ್ಯೆಗಳನ್ನು ಸೇರಿಸಿದರೆ ಅವರಿಗೆ ಲೊಕೇಶನ್ ಸಹಿತ ಸಂದೇಶ ಹೋಗುವಂತೆ ಮಾಡಬಹುದು. ಐಫೋನ್ ತುರ್ತು ಕರೆ ಮುಗಿದ ಮೇಲೆ ನೀವು ಗೊತ್ತುಮಾಡಿದವರಿಗೆ ಅಂಥ ಸಂದೇಶವನ್ನು ತಾನಾಗಿ ಕಳುಹಿಸುತ್ತದೆ. ಅಲ್ಲಿಯೇ ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ, ಆಗದ ಔಷಧಿಗಳನ್ನು ಬರೆಯಲು ಸ್ಥಳವಿದೆ. ಬೀಗ ಹಾಕಿದ ಪರದೆಯಲ್ಲೂ ಅದನ್ನು ನೋಡಬಹುದು. ಇದೊಂದನ್ನು ಮಾತ್ರ ಕನ್ನಡದಲ್ಲಿ ಬರೆಯಬೇಡಿ ಎಂದು ನಾನು ಕೇಳಿಕೊಳ್ಳುತ್ತೇನೆ, ಕಾಞಂಗಾಡಿನ ದಾದಿಯೊಬ್ಬರು ಓದಬೇಕಾದ ಸಾಲು ಅದು. ಇಂಗ್ಲಿಷ್ ಅಕ್ಷರದಲ್ಲಿದ್ದರೆ ಗಡಿಯ ಎರಡೂ ಬದಿಯವರು ಓದುತ್ತಾರೆ.

ತಾಯಿಯ ಕೀಪ್ಯಾಡ್ ಫೋನಿನ ಬಗ್ಗೆ ಕೇಳಿದ್ದೀರಿ. ಕೇಂದ್ರ ಸರಕಾರದ 2016ರ ನಿಯಮದಂತೆ ಇಲ್ಲಿ ಮಾರುವ ಕೀಪ್ಯಾಡ್ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಏರ್ಪಾಡು ಇರಬೇಕು. ಅವರ ಫೋನಿನಲ್ಲಿ ಯಾವ ಗುಂಡಿ ಎಂದು ಕೈಪಿಡಿ ನೋಡಿ ತಿಳಿದು, ಅದರ ಮೇಲೆ ಉಗುರುಬಣ್ಣದ ಒಂದು ಕೆಂಪು ಚುಕ್ಕೆ ಇಡಿ. ಉಳಿದ ಗುಂಡಿಗಳಲ್ಲಿ ಒಂದಕ್ಕೆ ಜೀಪಿನ ನೆರೆಯವರ ಸಂಖ್ಯೆ, ಒಂದಕ್ಕೆ ನಿಮ್ಮದು ಸ್ಪೀಡ್ ಡಯಲ್ ಆಗಿರಲಿ. ಆ ಫೋನಿನಿಂದ ಲೊಕೇಶನ್ ಹೋಗದು ಎಂದೇ ಎಣಿಸಿ, ಮನೆಯ ಮತ್ತು ಕವಲಿನ ಅಕ್ಷಾಂಶ ರೇಖಾಂಶಗಳನ್ನು ನಿಮ್ಮ ಫೋನಿನಲ್ಲೂ ನೆರೆಯವರ ಫೋನಿನಲ್ಲೂ ಒಂದು ಸಿದ್ಧ ಸಂದೇಶವಾಗಿ ಉಳಿಸಿಡಿ. ತಾಯಿ ಕರೆದ ಮರುಗಳಿಗೆಯಲ್ಲಿ ನೀವು ಬೆಂಗಳೂರಿನಿಂದಲೇ ಅದನ್ನು ಚಾಲಕರಿಗೆ ರವಾನಿಸಬಹುದು. ಮುಂದಿನ ಸಲ ಊರಿಗೆ ಹೋದಾಗ ತಾಯಿಯನ್ನು ಚಾವಡಿಯಲ್ಲಿ ಕೂರಿಸಿಕೊಂಡು, ಕರೆ ಮಾಡದೆ, ಬರಿದೆ ಬಾಯಿಯಲ್ಲಿ, 'ಕೇರಳ, ಕಾಸರಗೋಡು ಜಿಲ್ಲೆ, ಎಣ್ಮಕಜೆ ಪಂಚಾಯತು' ಎಂದು ಎರಡು ಮೂರು ಬಾರಿ ಹೇಳಿಸಿ. ತಂದೆಯವರ ಮೂಳೆ ಕೂಡಿ ಅವರು ಮತ್ತೆ ತೋಟಕ್ಕೆ ಇಳಿಯುವ ಹೊತ್ತಿಗೆ ಆ ಸಂಕಕ್ಕೊಂದು ಕೈಹಿಡಿಯನ್ನೂ ಹಾಕಿಸಿಬಿಡಿ.